ಎಲ್ಲದಕ್ಕೂ ‘ಇಸಂಟ್ ಇಟ್?’ ಸಾಲದು: ಕ್ವೆಶ್ಚನ್ ಟ್ಯಾಗ್ ಸರಿಯಾಗಿ ಹಾಕುವುದು ಹೇಗೆ

ಕನ್ನಡದಲ್ಲಿ ‘ಅಲ್ವಾ’ ಒಂದಿದ್ದರೆ ಕೆಲಸ ಮುಗಿಯಿತು. ‘ನೀನು ಬರ್ತೀಯ ಅಲ್ವಾ’, ‘ಅವರು ಆಗಲೇ ಹೋದ್ರು ಅಲ್ವಾ’, ‘ನಿನ್ನೆ ಮಳೆ ಬರಲಿಲ್ಲ ಅಲ್ವಾ’. ಯಾರ ಮಾತು, ಯಾವ ಕಾಲ, ಹೌದೋ ಇಲ್ಲವೋ, ಯಾವುದನ್ನೂ ನೋಡಬೇಕಿಲ್ಲ. ಇದೇ ರೂಢಿಯಲ್ಲಿ ಇಂಗ್ಲಿಷ್ ಮಾತಾಡುವಾಗಲೂ ನಾವು ಎಲ್ಲದರ ಕೊನೆಗೆ ‘ಇಸಂಟ್ ಇಟ್?’ ಅಥವಾ ‘ನೋ?’ ಅಂತ ಅಂಟಿಸಿಬಿಡುತ್ತೇವೆ. ‘ಯು ಆರ್ ಕಮಿಂಗ್, ಇಸಂಟ್ ಇಟ್?’, ‘ದೇ ವೆಂಟ್ ಹೋಮ್, ನೋ?’ ಎದುರಿನವರಿಗೆ ಅರ್ಥ ಆಗುತ್ತದೆ, ಯಾರೂ ಜಗಳಕ್ಕೆ ಬರುವುದಿಲ್ಲ. ಆದರೆ ಪರೀಕ್ಷೆಯಲ್ಲಿ ಬರೆದರೆ ಅಂಕ ಹೋಗುತ್ತದೆ, ಇಂಟರ್‌ವ್ಯೂನಲ್ಲಿ ಹೇಳಿದರೆ ಕೇಳುವವರ ಕಿವಿಗೆ ತಟ್ಟನೆ ಬೀಳುತ್ತದೆ.

ಗ್ರಾಮರ್ ಗೈಡುಗಳನ್ನು ತೆಗೆದರೆ ಈ ಪಾಠಕ್ಕೆ ಉದ್ದುದ್ದ ರೂಲ್ಸ್ ಪಟ್ಟಿ ಇರುತ್ತದೆ. ಅದನ್ನು ನೋಡಿಯೇ ಅರ್ಧ ಜನ ಕೈ ಬಿಡುತ್ತಾರೆ. ನನ್ನ ಪ್ರಕಾರ ಅಷ್ಟೊಂದು ಬೇಕಿಲ್ಲ. ಯಾವ ವಾಕ್ಯ ಸಿಕ್ಕರೂ ಮೂರೇ ಪ್ರಶ್ನೆ ಕೇಳಿ. ಇದರಲ್ಲಿ ಹೆಲ್ಪಿಂಗ್ ವರ್ಬ್ (ಈಸ್, ಹ್ಯಾಸ್, ಕ್ಯಾನ್ ತರಹದ ಸಹಾಯಕ ಪದ) ಯಾವುದು? ವಾಕ್ಯ ಹೌದು ಅನ್ನುತ್ತಿದೆಯೋ, ಇಲ್ಲ ಅನ್ನುತ್ತಿದೆಯೋ? ಯಾರ ಬಗ್ಗೆ ಅಥವಾ ಯಾವುದರ ಬಗ್ಗೆ ಹೇಳುತ್ತಿದೆ? ಪುಸ್ತಕದಲ್ಲಿ ‘ವಿಶೇಷ ನಿಯಮ’ ಅಂತ ಕೊಟ್ಟಿರುವುದರಲ್ಲಿ ಹೆಚ್ಚಿನವು ಈ ಮೂರು ಪ್ರಶ್ನೆಗಳ ಉತ್ತರವೇ ಆಗಿರುತ್ತವೆ. ನಿಜವಾಗಿ ಬಾಯಿಪಾಠ ಮಾಡಬೇಕಾದದ್ದು ಬೆರಳೆಣಿಕೆಯಷ್ಟು.

ಉದಾಹರಣೆಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಮನಸ್ಸಿನಲ್ಲೇ ಓದಿಕೊಂಡು ಹೋಗಬೇಡಿ, ಬಾಯಿ ಬಿಟ್ಟು ಓದಿ. ಟ್ಯಾಗ್ ಕಲಿಯುವುದು ಕಣ್ಣಿಗಿಂತ ಕಿವಿಯಲ್ಲಿ ಜಾಸ್ತಿ.

ಶುರು ಮಾಡುವ ಮುಂಚೆ

ಟ್ಯಾಗ್ ಅಂದರೆ ಒಂದು ಹೇಳಿಕೆಯ ಬಾಲಕ್ಕೆ ಸೇರಿಸುವ ಪುಟ್ಟ ಪ್ರಶ್ನೆ. ಸಾಮಾನ್ಯವಾಗಿ ಎರಡೇ ಪದ: ಮೊದಲು ಹೆಲ್ಪಿಂಗ್ ವರ್ಬ್, ಆಮೇಲೆ ಪ್ರೊನೌನ್, ಅಂದರೆ ಹೆಸರಿನ ಬದಲು ಬರುವ ಹೀ, ಶೀ, ಇಟ್ ತರಹದ ಪದ. ‘ಶೀ ಈಸ್ ಟೈರ್ಡ್, ಇಸಂಟ್ ಶೀ?’ ಹೇಳಿಕೆ ಮುಗಿದಲ್ಲಿ ಕಾಮಾ, ಟ್ಯಾಗ್ ಮುಗಿದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಟ್ಯಾಗಿನ ಮೊದಲ ಅಕ್ಷರ ಸಣ್ಣದು, ಕ್ಯಾಪಿಟಲ್ ಅಲ್ಲ. ಹೇಳಿಕೆಯ ಕೊನೆಗೆ ಫುಲ್‌ಸ್ಟಾಪ್ ಇಟ್ಟು ಆಮೇಲೆ ಟ್ಯಾಗ್ ಬರೆಯುವವರು ಬಹಳ ಜನ ಇದ್ದಾರೆ, ಅದು ತಪ್ಪು.

ಪ್ರಶ್ನೆಗೆ ಟ್ಯಾಗ್ ಹಾಕುವ ಹಾಗಿಲ್ಲ. ‘ಆರ್ ಯು ಕಮಿಂಗ್, ಆರಂಟ್ ಯು?’ ಅಂತ ಇಲ್ಲವೇ ಇಲ್ಲ. ಆಗಲೇ ಪ್ರಶ್ನೆ ಕೇಳಿ ಆಯಿತಲ್ಲ, ಇನ್ನೊಂದು ಸಲ ಯಾಕೆ?

ಹೆಜ್ಜೆ 1: ಹೆಲ್ಪಿಂಗ್ ವರ್ಬ್ ಹುಡುಕಿ

ಈಸ್, ಆರ್, ವಾಸ್, ವರ್, ಹ್ಯಾವ್, ಹ್ಯಾಸ್, ಹ್ಯಾಡ್, ವಿಲ್, ವುಡ್, ಕ್ಯಾನ್, ಕುಡ್, ಶುಡ್, ಮಸ್ಟ್. ಇವುಗಳಲ್ಲಿ ಒಂದು ವಾಕ್ಯದಲ್ಲಿ ಇದ್ದರೆ ಅದನ್ನೇ ಎತ್ತಿಕೊಳ್ಳಿ. ಹೊಸದಾಗಿ ಏನನ್ನೂ ತರಬೇಡಿ. ‘ರವಿ ಕ್ಯಾನ್ ಸ್ವಿಮ್, ಕಾಂಟ್ ಹೀ?’, ‘ದೇ ವರ್ ಲೇಟ್, ವರಂಟ್ ದೇ?’

ಒಂದೇ ವಾಕ್ಯದಲ್ಲಿ ಎರಡು ಮೂರು ಹೆಲ್ಪಿಂಗ್ ವರ್ಬ್ ಸಾಲಾಗಿ ಬಂದರೆ ಮೊದಲನೆಯದು ಮಾತ್ರ ಲೆಕ್ಕಕ್ಕೆ. ‘ಹೀ ಶುಡ್ ಹ್ಯಾವ್ ಟೋಲ್ಡ್ ಅಸ್, ಶುಡಂಟ್ ಹೀ?’, ‘ಶೀ ಹ್ಯಾಸ್ ಬೀನ್ ವೇಟಿಂಗ್, ಹ್ಯಾಸಂಟ್ ಶೀ?’ ಹಿಂದೆ ಬರುವ ಹ್ಯಾವ್, ಬೀನ್ ಇವುಗಳನ್ನು ಮುಟ್ಟಬೇಡಿ.

ಹೆಲ್ಪಿಂಗ್ ವರ್ಬ್ ಕಣ್ಣಿಗೇ ಕಾಣದಿದ್ದರೆ? ‘ಯು ಲೈಕ್ ಮ್ಯೂಸಿಕ್’, ‘ಶೀ ಲೈಕ್ಸ್ ಮ್ಯೂಸಿಕ್’, ‘ಶೀ ಲೈಕ್ಡ್ ಮ್ಯೂಸಿಕ್’. ಇಲ್ಲಿ ಮೇನ್ ವರ್ಬ್ ಒಂದೇ ಇದೆ. ಆಗ ಡು, ಡಸ್, ಡಿಡ್ ಸಹಾಯಕ್ಕೆ ಬರುತ್ತವೆ. ವರ್ಬ್ ಸುಮ್ನೆ ಇದ್ದರೆ ಡು, ಕೊನೆಗೆ ಎಸ್ ಇದ್ದರೆ ಡಸ್, ಭೂತಕಾಲ ಆದರೆ ಡಿಡ್. ಹಾಗಾಗಿ ಕ್ರಮವಾಗಿ ಡೋಂಟ್ ಯು, ಡಸಂಟ್ ಶೀ, ಡಿಡಂಟ್ ಶೀ.

ಇದರಲ್ಲಿ ಒಂದು ಚಿಕ್ಕ ಬಲೆ ಇದೆ, ಪರೀಕ್ಷೆ ಮಾಡುವವರಿಗೆ ಇದು ಬಹಳ ಇಷ್ಟ. ಪುಟ್, ಕಟ್, ಹಿಟ್, ಶಟ್ ಇಂಥ ವರ್ಬ್‌ಗಳು ವರ್ತಮಾನಕ್ಕೂ ಭೂತಕಾಲಕ್ಕೂ ಒಂದೇ ರೂಪದಲ್ಲಿರುತ್ತವೆ. ‘ಶೀ ಪುಟ್ ದ ಬುಕ್ ಆನ್ ದ ಟೇಬಲ್’ ಅಂತ ಕೊಟ್ಟರೆ ಡಸಂಟ್ ಹಾಕಬೇಕೋ, ಡಿಡಂಟ್ ಹಾಕಬೇಕೋ? ವರ್ತಮಾನ ಆಗಿದ್ದರೆ ಶೀ ಜೊತೆಗೆ ‘ಪುಟ್ಸ್’ ಇರಬೇಕಿತ್ತು. ಎಸ್ ಇಲ್ಲ ಅಂದರೆ ಅದು ಭೂತಕಾಲ. ಉತ್ತರ ‘ಡಿಡಂಟ್ ಶೀ?’ ಆದರೆ ದೇ, ವಿ, ಯು ಇದ್ದರೆ ಈ ಗುರುತು ಸಿಗುವುದಿಲ್ಲ. ಆಗ ವಾಕ್ಯದಲ್ಲಿ ಯಸ್ಟರ್‌ಡೇ, ಎವ್ರಿ ಡೇ ತರಹದ ಪದ ಇದೆಯಾ ನೋಡಬೇಕು.

ಹ್ಯಾವ್ ಎಂಬ ತಲೆನೋವು

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ, ಯಾಕೆಂದರೆ ಹೆಚ್ಚು ಜನ ಎಡವುವುದು ಇಲ್ಲಿಯೇ. ಹ್ಯಾವ್, ಹ್ಯಾಸ್, ಹ್ಯಾಡ್ ಎರಡು ವೇಷದಲ್ಲಿ ಬರುತ್ತವೆ. ಒಮ್ಮೆ ಹೆಲ್ಪಿಂಗ್ ವರ್ಬ್, ಒಮ್ಮೆ ತಾನೇ ಮೇನ್ ವರ್ಬ್. ಕಂಡುಹಿಡಿಯುವುದು ಸುಲಭ: ಅದು ಆದ ಮೇಲೆ ಇನ್ನೊಂದು ವರ್ಬ್‌ನ ಮೂರನೇ ರೂಪ (ಗೋ, ವೆಂಟ್, ಗಾನ್ ಸಾಲಿನಲ್ಲಿ ಗಾನ್ ಇದ್ದ ಹಾಗೆ) ಇದೆಯಾ?

‘ಶೀ ಹ್ಯಾಸ್ ಫಿನಿಶ್ಡ್ ದ ವರ್ಕ್.’ ಫಿನಿಶ್ಡ್ ಇದೆ, ಹಾಗಾಗಿ ಹ್ಯಾಸ್ ಇಲ್ಲಿ ಸಹಾಯಕ. ‘ಹ್ಯಾಸಂಟ್ ಶೀ?’ ‘ಶೀ ಹ್ಯಾಸ್ ಎ ಕಾರ್.’ ಇಲ್ಲಿ ಬೇರೆ ವರ್ಬ್ ಇಲ್ಲ, ಹ್ಯಾಸ್ ಅಂದರೆ ಅವಳ ಹತ್ತಿರ ಇದೆ ಅಂತ. ಆದ್ದರಿಂದ ‘ಡಸಂಟ್ ಶೀ?’ ಹಳೆಯ ಬ್ರಿಟಿಷ್ ಬಳಕೆಯಲ್ಲಿ ಇಂಥ ಕಡೆಯೂ ‘ಹ್ಯಾಸಂಟ್ ಶೀ?’ ಅನ್ನುವುದುಂಟು, ಕೆಲವು ಪುಸ್ತಕಗಳಲ್ಲಿ ಈಗಲೂ ಕಾಣುತ್ತದೆ. ಆದರೂ ಡಸಂಟ್ ಹಾಕಿದರೆ ಎಲ್ಲಿಯೂ ತಪ್ಪಾಗುವುದಿಲ್ಲ, ಅದನ್ನೇ ಹಿಡಿಯಿರಿ. ‘ಗಾಟ್’ ಸೇರಿಕೊಂಡರೆ ಮಾತ್ರ ಮತ್ತೆ ಹ್ಯಾವ್‌ಗೆ ವಾಪಸ್: ‘ಯು ಹ್ಯಾವ್ ಗಾಟ್ ಎ ಪೆನ್, ಹ್ಯಾವಂಟ್ ಯು?’

ಊಟ, ಸ್ನಾನ, ವಿಶ್ರಾಂತಿ ಇಂಥ ಕೆಲಸ ಮಾಡುವ ಅರ್ಥದಲ್ಲಿ ಹ್ಯಾಡ್ ಬಂದರೆ ಡಿಡಂಟ್ ಬಿಟ್ಟು ಬೇರೆ ದಾರಿಯೇ ಇಲ್ಲ. ‘ವಿ ಹ್ಯಾಡ್ ಲಂಚ್ ಅಟ್ ಒನ್, ಡಿಡಂಟ್ ವಿ?’ ಮಾಡಲೇಬೇಕು ಎಂಬ ಅರ್ಥದ ‘ಹ್ಯಾವ್ ಟು’ ಕೂಡ ಅದೇ ಗುಂಪು: ‘ಯು ಹ್ಯಾವ್ ಟು ಗೋ ನೌ, ಡೋಂಟ್ ಯು?’

‘ಹೀ ಹ್ಯಾಸ್ ಹ್ಯಾಡ್ ಹಿಸ್ ಲಂಚ್’ ಅಂತ ಎರಡೂ ಒಟ್ಟಿಗೆ ಬಂದರೆ ಹೆದರಬೇಡಿ. ಮೊದಲ ಹ್ಯಾಸ್ ಸಹಾಯಕ, ಎರಡನೆಯ ಹ್ಯಾಡ್ ಮೇನ್ ವರ್ಬ್. ‘ಹ್ಯಾಸಂಟ್ ಹೀ?’ ಅಷ್ಟೆ.

ಮುದುರಿಕೊಂಡ ರೂಪಗಳು

ಮಾತಿನಲ್ಲಿ ಈಸ್ ಮತ್ತು ಹ್ಯಾಸ್ ಎರಡೂ ಮುದುರಿ ಬರೀ ಎಸ್ ಆಗುತ್ತವೆ. ವುಡ್ ಮತ್ತು ಹ್ಯಾಡ್ ಎರಡೂ ಬರೀ ಡಿ ಆಗುತ್ತವೆ. ‘ಹೀಸ್ ಸ್ಲೀಪಿಂಗ್’, ‘ಹೀಸ್ ಈಟನ್’. ಕೇಳಲು ಒಂದೇ, ಒಳಗೆ ಬೇರೆ ಬೇರೆ. ಮುದುರಿದ್ದನ್ನು ಬಿಡಿಸಿ ಪೂರ್ತಿ ಹೇಳಿ ನೋಡಿ: ‘ಹೀ ಈಸ್ ಸ್ಲೀಪಿಂಗ್’, ‘ಹೀ ಹ್ಯಾಸ್ ಈಟನ್’. ಬಿಡಿಸಿದ ಮೇಲೆ ಟ್ಯಾಗ್ ತಾನಾಗಿಯೇ ಬರುತ್ತದೆ: ‘ಇಸಂಟ್ ಹೀ?’, ‘ಹ್ಯಾಸಂಟ್ ಹೀ?’ ಮೂರನೇ ರೂಪ ಕಂಡ ತಕ್ಷಣ ಹ್ಯಾಸ್ ಅಂದುಕೊಳ್ಳಬೇಡಿ, ಪ್ಯಾಸಿವ್ ವಾಕ್ಯದಲ್ಲಿ, ಅಂದರೆ ಯಾರು ಮಾಡಿದರು ಅನ್ನುವುದಕ್ಕಿಂತ ಏನಾಗಿದೆ ಅಂತ ಹೇಳುವ ಕಡೆ, ಈಸ್ ಕೂಡ ಬರುತ್ತದೆ. ‘ಇಟ್ಸ್ ಮೇಡ್ ಆಫ್ ವುಡ್, ಇಸಂಟ್ ಇಟ್?’ ಮರದಿಂದ ಮಾಡಿದ್ದು ಅಂತ ಅರ್ಥ, ಅಲ್ಲಿ ಹ್ಯಾಸ್ ಕೂರುವುದಿಲ್ಲ.

ಡಿ ವಿಷಯದಲ್ಲಿ ಅದಾದ ಮೇಲೆ ಬರುವ ಪದ ನೋಡಿ. ‘ಬೆಟರ್’ ಇದ್ದರೆ ಹ್ಯಾಡ್, ‘ರಾದರ್’ ಅಥವಾ ‘ಲೈಕ್’ ಇದ್ದರೆ ವುಡ್. ‘ಯೂಡ್ ಬೆಟರ್ ಹರಿ, ಹ್ಯಾಡಂಟ್ ಯು?’, ‘ಯೂಡ್ ರಾದರ್ ಸ್ಟೇ, ವುಡಂಟ್ ಯು?’ ಇವಿಲ್ಲದಿದ್ದರೆ, ಮೂರನೇ ರೂಪ ಬಂದಲ್ಲಿ ಹ್ಯಾಡ್, ಮೊದಲ ರೂಪ ಬಂದಲ್ಲಿ ವುಡ್.

ಹೆಜ್ಜೆ 2: ಹೌದನ್ನು ಇಲ್ಲ ಮಾಡಿ, ಇಲ್ಲವನ್ನು ಹೌದು ಮಾಡಿ

ಹೇಳಿಕೆ ಪಾಸಿಟಿವ್ ಆದರೆ ಟ್ಯಾಗ್ ನೆಗೆಟಿವ್, ಹೇಳಿಕೆ ನೆಗೆಟಿವ್ ಆದರೆ ಟ್ಯಾಗ್ ಪಾಸಿಟಿವ್. ‘ದೇ ಹ್ಯಾವ್ ಲೆಫ್ಟ್, ಹ್ಯಾವಂಟ್ ದೇ?’, ‘ದೇ ಹ್ಯಾವಂಟ್ ಲೆಫ್ಟ್, ಹ್ಯಾವ್ ದೇ?’ ಇದು ಎಲ್ಲರಿಗೂ ಗೊತ್ತು. ನೆಗೆಟಿವ್ ಟ್ಯಾಗಿನಲ್ಲಿ ಯಾವಾಗಲೂ ಮುದುರಿದ ರೂಪವನ್ನೇ ಬಳಸಿ. ‘ಇಸಂಟ್ ಹೀ?’ ಸರಿ. ‘ಈಸ್ ನಾಟ್ ಹೀ?’ ಅಂತ ಬರೆದರೆ ತಪ್ಪು. ವಿಲ್ ಬದಲಾಗಿ ವೋಂಟ್ ಆಗುವುದು, ಶಾಲ್ ಬದಲಾಗಿ ಶಾಂಟ್ ಆಗುವುದು ಸ್ಪೆಲ್ಲಿಂಗ್‌ನಲ್ಲಿ ಗಮನವಿರಲಿ. ಅಪಾಸ್ಟ್ರಫಿ ಎನ್ ಮತ್ತು ಟಿ ನಡುವೆ ಕೂರಬೇಕು, ಡಿ ಮತ್ತು ಎನ್ ನಡುವೆ ಅಲ್ಲ.

ನಿಜವಾದ ಕಷ್ಟ ಇರುವುದು ‘ನಾಟ್’ ಇಲ್ಲದೆಯೇ ನೆಗೆಟಿವ್ ಆಗಿರುವ ವಾಕ್ಯಗಳಲ್ಲಿ. ನೆವರ್, ಹಾರ್ಡ್ಲಿ, ಸ್ಕೇರ್ಸ್‌ಲಿ, ಬೇರ್ಲಿ, ರೇರ್ಲಿ, ಸೆಲ್ಡಮ್, ನೋಬಡಿ, ನೋ ಒನ್, ನಥಿಂಗ್, ನೋ. ಇವುಗಳ ಒಳಗೇ ‘ಇಲ್ಲ’ ಕೂತಿದೆ. ಹಾಗಾಗಿ ಟ್ಯಾಗ್ ಪಾಸಿಟಿವ್ ಆಗಬೇಕು. ‘ಹೀ ನೆವರ್ ಕಂಪ್ಲೇನ್ಸ್, ಡಸ್ ಹೀ?’, ‘ಯು ಕ್ಯಾನ್ ಹಾರ್ಡ್ಲಿ ಹಿಯರ್ ಮಿ, ಕ್ಯಾನ್ ಯು?’, ‘ನಥಿಂಗ್ ಹ್ಯಾಪನ್ಡ್, ಡಿಡ್ ಇಟ್?’

ಫ್ಯೂ ಮತ್ತು ಲಿಟಲ್ ಈ ಗುಂಪಿಗೇ ಸೇರುತ್ತವೆ, ಆದರೆ ಮುಂದೆ ಒಂದು ‘ಎ’ ಬಂದರೆ ಕಥೆ ಉಲ್ಟಾ. ‘ಫ್ಯೂ’ ಅಂದರೆ ಇಲ್ಲವೆನ್ನುವಷ್ಟು ಕಮ್ಮಿ. ‘ಎ ಫ್ಯೂ’ ಅಂದರೆ ಒಂದಷ್ಟು ಇವೆ. ‘ಫ್ಯೂ ಪೀಪಲ್ ನೋ ದಿಸ್, ಡು ದೇ?’ (ಇಲ್ಲಿ ನೋ ಅಂದರೆ ಗೊತ್ತು ಅಂತ) ಆದರೆ ‘ಎ ಫ್ಯೂ ಪೀಪಲ್ ನೋ ದಿಸ್, ಡೋಂಟ್ ದೇ?’ ಹಾಗೆಯೇ ‘ದೇರ್ ಈಸ್ ಲಿಟಲ್ ಟೈಮ್, ಈಸ್ ದೇರ್?’, ‘ದೇರ್ ಈಸ್ ಎ ಲಿಟಲ್ ಟೈಮ್, ಇಸಂಟ್ ದೇರ್?’ ಒಂದೇ ಅಕ್ಷರ, ಆದರೆ ಉತ್ತರ ಪೂರ್ತಿ ತಿರುಗುತ್ತದೆ. ಓದುವಾಗ ಆ ‘ಎ’ ಮೇಲೆ ಬೆರಳಿಟ್ಟು ಓದಿ.

ಇದರ ವಿರುದ್ಧದ ಬಲೆಯೂ ಇದೆ. ಅರ್ಥ ಕೆಟ್ಟದ್ದಾಗಿದೆ ಅಂದ ಮಾತ್ರಕ್ಕೆ ವಾಕ್ಯ ನೆಗೆಟಿವ್ ಆಗುವುದಿಲ್ಲ. ಅನ್‌ಹ್ಯಾಪಿ, ಇಂಪಾಸಿಬಲ್, ಡಿಸ್‌ಲೈಕ್, ಫೇಲ್ ಇವೆಲ್ಲ ಮನಸ್ಸಿಗೆ ‘ಇಲ್ಲ’ ಅನ್ನಿಸಿದರೂ ವ್ಯಾಕರಣದ ಲೆಕ್ಕದಲ್ಲಿ ಪಾಸಿಟಿವ್. ‘ಶೀ ಈಸ್ ಅನ್‌ಹ್ಯಾಪಿ, ಇಸಂಟ್ ಶೀ?’, ‘ಹೀ ಡಿಸ್‌ಲೈಕ್ಸ್ ನಾಯ್ಸ್, ಡಸಂಟ್ ಹೀ?’, ‘ದೇ ಫೇಲ್ಡ್, ಡಿಡಂಟ್ ದೇ?’

ಹೆಜ್ಜೆ 3: ಸರಿಯಾದ ಪ್ರೊನೌನ್

ಟ್ಯಾಗಿನಲ್ಲಿ ಹೆಸರು ಬರುವುದಿಲ್ಲ, ಪ್ರೊನೌನ್ ಮಾತ್ರ. ‘ಮೀನಾ ಈಸ್ ಕ್ಲೆವರ್, ಇಸಂಟ್ ಮೀನಾ?’ ಅಲ್ಲ, ‘ಇಸಂಟ್ ಶೀ?’ ಗಂಡಸಾದರೆ ಹೀ, ಹೆಂಗಸಾದರೆ ಶೀ, ವಸ್ತು ಅಥವಾ ವಿಷಯ ಆದರೆ ಇಟ್, ಹೆಚ್ಚು ಇದ್ದರೆ ದೇ. ದಿಸ್, ದಟ್ ಎರಡಕ್ಕೂ ಇಟ್. ದೀಸ್, ದೋಸ್ ಎರಡಕ್ಕೂ ದೇ. ಸಬ್ಜೆಕ್ಟ್ ಜಾಗದಲ್ಲಿ ‘ದೇರ್’ ಇದ್ದರೆ ಟ್ಯಾಗಿನಲ್ಲೂ ದೇರ್ ಉಳಿಯುತ್ತದೆ: ‘ದೇರ್ ವಾಸ್ ಎ ಮಿಸ್ಟೇಕ್, ವಾಸಂಟ್ ದೇರ್?’

‘ನೀನು ಮತ್ತು ನಾನು’ ಸೇರಿದರೆ ವಿ. ‘ನೀನು ಮತ್ತು ನಿನ್ನ ತಮ್ಮ’ ಸೇರಿದರೆ ಯು. ನ್ಯೂಸ್, ಮ್ಯಾಥಮ್ಯಾಟಿಕ್ಸ್ ಎಸ್‌ನಿಂದ ಮುಗಿದರೂ ಒಂದೇ, ಅದಕ್ಕೆ ಇಟ್. ಪೊಲೀಸ್, ಪೀಪಲ್ ಎಸ್ ಇಲ್ಲದಿದ್ದರೂ ಬಹುವಚನ, ಅದಕ್ಕೆ ದೇ. ಸಬ್ಜೆಕ್ಟ್ ಉದ್ದವಾಗಿದ್ದರೆ ಕೊನೆಯ ಪದ ನೋಡಿ ಮೋಸ ಹೋಗಬೇಡಿ. ‘ದ ಬಾಯ್ಸ್ ಹೂ ಲಿವ್ ನೆಕ್ಸ್ಟ್ ಟು ದ ಸ್ಕೂಲ್ ಆರ್ ನಾಟಿ’ ಅಂದರೆ ತುಂಟರು ಹುಡುಗರು, ಸ್ಕೂಲ್ ಅಲ್ಲ. ‘ಆರಂಟ್ ದೇ?’

ಸಮ್‌ಬಡಿ, ಎವ್ರಿಬಡಿ, ನೋಬಡಿ ವಿಷಯದಲ್ಲಿ ಮಾತ್ರ ಇಂಗ್ಲಿಷ್ ತನ್ನ ರೂಲನ್ನು ತಾನೇ ಮುರಿಯುತ್ತದೆ. ವಾಕ್ಯದಲ್ಲಿ ಇವು ಏಕವಚನ, ಆದರೆ ಟ್ಯಾಗಿನಲ್ಲಿ ದೇ. ದೇ ಬಂದ ಮೇಲೆ ವರ್ಬ್ ಕೂಡ ಅದಕ್ಕೆ ಹೊಂದಬೇಕು. ‘ಎವ್ರಿಬಡಿ ಹ್ಯಾಸ್ ಕಮ್’ ಅಂತ ಹ್ಯಾಸ್ ಹೇಳಿ, ಟ್ಯಾಗಿನಲ್ಲಿ ‘ಹ್ಯಾವಂಟ್ ದೇ?’ ಅನ್ನಬೇಕು. ‘ಸಮ್‌ಬಡಿ ಈಸ್ ಅಟ್ ದ ಡೋರ್, ಆರಂಟ್ ದೇ?’ ಎರಡು ತಿರುವು ಒಂದೇ ಕಡೆ ಬರುವ ವಾಕ್ಯ ಬೇಕಾದರೆ ಇದು: ‘ನೋಬಡಿ ಕಾಲ್ಡ್, ಡಿಡ್ ದೇ?’ ನೋಬಡಿ ನೆಗೆಟಿವ್, ಆದ್ದರಿಂದ ಡಿಡ್. ನೋಬಡಿ ವ್ಯಕ್ತಿ, ಆದ್ದರಿಂದ ದೇ. ಸಮ್‌ಥಿಂಗ್, ಎವ್ರಿಥಿಂಗ್, ನಥಿಂಗ್ ವಸ್ತುಗಳಾದ್ದರಿಂದ ಅವಕ್ಕೆ ಇಟ್ ಸಾಕು.

ಬಾಯಿಪಾಠ ಮಾಡಬೇಕಾದವು

ಮೂರು ಪ್ರಶ್ನೆಗೆ ಬಗ್ಗದವು ಕೆಲವಿವೆ. ಇವಕ್ಕೆ ತರ್ಕ ಹುಡುಕುತ್ತಾ ಕೂರಬೇಡಿ, ಸುಮ್ನೆ ಕಲಿತುಬಿಡಿ.

‘ಐ ಆಮ್’ ಇದ್ದರೆ ‘ಆರಂಟ್ ಐ?’ ಐ ಜೊತೆಗೆ ಆರ್ ಬರುವುದು ವಿಚಿತ್ರವಾಗಿ ಕೇಳಿಸುತ್ತದೆ, ಆದರೆ ಇದೇ ಸರಿಯಾದ ರೂಪ. ‘ಐ ಆಮ್ ಲೇಟ್, ಆರಂಟ್ ಐ?’ ಬಹಳ ಗಂಭೀರವಾದ ಬರವಣಿಗೆಯಲ್ಲಿ ‘ಆಮ್ ಐ ನಾಟ್?’ ಅನ್ನಬಹುದು. ‘ಆಮಂಟ್ ಐ’ ಅಂತ ಬರೆಯಬೇಡಿ. ನೆಗೆಟಿವ್ ಆದಾಗ ಕಷ್ಟವಿಲ್ಲ: ‘ಐ ಆಮ್ ನಾಟ್ ಲೇಟ್, ಆಮ್ ಐ?’

‘ಲೆಟ್ಸ್’ ಇದ್ದರೆ ‘ಶಾಲ್ ವಿ?’ ‘ಲೆಟ್ಸ್ ಗೋ, ಶಾಲ್ ವಿ?’ ಆದರೆ ‘ಲೆಟ್ ಅಸ್’ ಅಂತ ಬಿಡಿಸಿ ಬರೆದು, ನಮ್ಮನ್ನು ಹೋಗಲು ಬಿಡಿ ಎಂಬ ಅರ್ಥ ಇದ್ದರೆ ಅದು ಬೇಡಿಕೆ. ಆಗ ‘ವಿಲ್ ಯು?’

ಯಾರಿಗಾದರೂ ಏನಾದರೂ ಮಾಡಿ ಅಂತ ಹೇಳುವಾಗ ‘ವಿಲ್ ಯು?’ ಯಾವಾಗಲೂ ನಡೆಯುತ್ತದೆ. ‘ಓಪನ್ ದ ವಿಂಡೋ, ವಿಲ್ ಯು?’ ಇನ್ನೂ ಮೆತ್ತಗೆ ಕೇಳಬೇಕಾದರೆ ವುಡ್ ಯು, ಕುಡ್ ಯು. ಕೂತುಕೊಳ್ಳಿ, ತಗೊಳ್ಳಿ ಅಂತ ಉಪಚಾರ ಮಾಡುವಾಗ ‘ವೋಂಟ್ ಯು?’ ಚೆನ್ನಾಗಿ ಹೊಂದುತ್ತದೆ: ‘ಹ್ಯಾವ್ ಎ ಸೀಟ್, ವೋಂಟ್ ಯು?’ ಮಾಡಬೇಡ ಅನ್ನುವಾಗ ಮಾತ್ರ ಆಯ್ಕೆ ಇಲ್ಲ. ‘ಡೋಂಟ್ ಬಿ ಲೇಟ್, ವಿಲ್ ಯು?’ ಒಂದೇ.

‘ಯೂಸ್ಡ್ ಟು’ ಬಂದರೆ ಡಿಡಂಟ್. ‘ಆಟ್ ಟು’ ಬಂದರೆ ‘ಆಟಂಟ್’ ಸರಿ, ಆದರೆ ಹೆಚ್ಚು ಜನ ‘ಶುಡಂಟ್’ ಅನ್ನುತ್ತಾರೆ. ನೀಡ್ ಎರಡು ಬಗೆ: ‘ಯು ನೀಡಂಟ್ ಕಮ್, ನೀಡ್ ಯು?’, ‘ಯು ನೀಡ್ ಟು ಕಮ್, ಡೋಂಟ್ ಯು?’ ನೀಡ್ ಹಿಂದೆ ‘ಟು’ ಇದ್ದರೆ ಅದು ಮಾಮೂಲಿ ವರ್ಬ್. ಮೇ ಇರುವ ವಾಕ್ಯಕ್ಕೆ ಟ್ಯಾಗ್ ಹಾಕುವ ಸಾಹಸಕ್ಕೆ ಹೋಗದಿರುವುದೇ ವಾಸಿ. ‘ಮೇಯಂಟ್’ ಎಂಬ ರೂಪ ಈಗ ಬಳಕೆಯಲ್ಲಿ ಉಳಿದಿಲ್ಲ ಅನ್ನಬಹುದು.

ಎರಡು ವಾಕ್ಯ ಸೇರಿಕೊಂಡಾಗ

ಒಂದರೊಳಗೊಂದು ವಾಕ್ಯ ಇದ್ದರೆ ಟ್ಯಾಗ್ ಸಾಮಾನ್ಯವಾಗಿ ಮುಖ್ಯ ವಾಕ್ಯಕ್ಕೆ. ‘ವೆನ್ ಐ ಕೇಮ್, ಯು ವರ್ ಸ್ಲೀಪಿಂಗ್, ವರಂಟ್ ಯು?’ ‘ಶೀ ಥಿಂಕ್ಸ್ ಹೀ ಈಸ್ ರೈಟ್, ಡಸಂಟ್ ಶೀ?’ ಇಷ್ಟು ಸರಳ.

ಆದರೆ ‘ಐ ಥಿಂಕ್’, ‘ಐ ಸಪೋಸ್’, ‘ಐ ಬಿಲೀವ್’ ಅಂತ ಶುರುವಾದರೆ ಟ್ಯಾಗ್ ಒಳಗಿನ ವಾಕ್ಯಕ್ಕೆ ಹೋಗುತ್ತದೆ. ‘ಐ ಥಿಂಕ್ ಹೀ ಈಸ್ ರೈಟ್, ಇಸಂಟ್ ಹೀ?’ ಯಾಕೆ ಅಂತ ಯೋಚಿಸಿದರೆ ಅರ್ಥವಾಗುತ್ತದೆ. ‘ಡೋಂಟ್ ಐ?’ ಅಂತ ಕೇಳಿದರೆ, ನಾನು ಹಾಗೆ ಅಂದುಕೊಂಡಿದ್ದೀನಾ ಅಂತ ಇನ್ನೊಬ್ಬರನ್ನು ಕೇಳಿದ ಹಾಗಾಗುತ್ತದೆ. ನಮ್ಮ ಮನಸ್ಸಿನಲ್ಲಿರುವುದು ಅವರಿಗೇನು ಗೊತ್ತು! ಇಲ್ಲೊಂದು ಸೂಕ್ಷ್ಮ ಇದೆ. ‘ಐ ಡೋಂಟ್ ಥಿಂಕ್ ಹೀ ವಿಲ್ ಕಮ್’ ಅಂದರೆ, ಡೋಂಟ್ ಕೂತಿರುವುದು ಥಿಂಕ್ ಹತ್ತಿರ, ಆದರೆ ನಿಜವಾಗಿ ಅದು ಹೇಳುತ್ತಿರುವುದು ಅವನು ಬರಲ್ಲ ಅಂತ. ಅದಕ್ಕೇ ಟ್ಯಾಗ್ ‘ವಿಲ್ ಹೀ?’, ‘ವೋಂಟ್ ಹೀ’ ಅಲ್ಲ.

ಹೇಳುವಾಗ ಸ್ವರ ಎತ್ತಬೇಕೋ, ಇಳಿಸಬೇಕೋ

ಬರೆಯುವುದು ಬಂದರೂ ಮಾತಿನಲ್ಲಿ ಅರ್ಧ ಅರ್ಥ ಸ್ವರದಲ್ಲಿರುತ್ತದೆ. ‘ಯು ಲಾಕ್ಡ್ ದ ಡೋರ್, ಡಿಡಂಟ್ ಯು?’ ಕೊನೆಯಲ್ಲಿ ಸ್ವರ ಇಳಿಸಿದರೆ, ಬೀಗ ಹಾಕಿದ್ದೀಯ ಅಂತ ನನಗೆ ಗೊತ್ತು, ಸುಮ್ನೆ ಹೂಂ ಅನ್ನು ಅಂತ ಅರ್ಥ. ಸ್ವರ ಎತ್ತಿದರೆ, ನನಗೆ ನಿಜವಾಗಿಯೂ ಅನುಮಾನ ಬಂದಿದೆ ಅಂತ. ಇಡೀ ವಾಕ್ಯ ಒಂದೇ, ಒಂದರಲ್ಲಿ ನೆಮ್ಮದಿ, ಇನ್ನೊಂದರಲ್ಲಿ ಗಾಬರಿ. ನಾವು ಸಾಮಾನ್ಯವಾಗಿ ಎಲ್ಲ ಟ್ಯಾಗನ್ನೂ ಎತ್ತಿಯೇ ಹೇಳುತ್ತೇವೆ, ಹಾಗಾಗಿ ಕೇಳುವವರಿಗೆ ಯಾವಾಗಲೂ ಅನುಮಾನ ಪಡುವವರಂತೆ ಕಾಣುತ್ತೇವೆ. ‘ಇಟ್ಸ್ ಹಾಟ್ ಟುಡೇ, ಇಸಂಟ್ ಇಟ್?’ ಅನ್ನುವಾಗ ಇಳಿಸಿ. ಸೆಕೆ ಇದೆಯೋ ಇಲ್ಲವೋ ಅಂತ ನೀವೇನೂ ಕೇಳುತ್ತಿಲ್ಲ.

ನೆಗೆಟಿವ್ ಹೇಳಿಕೆ, ಪಾಸಿಟಿವ್ ಟ್ಯಾಗ್, ಎತ್ತಿದ ಸ್ವರ: ಈ ಮೂರೂ ಸೇರಿದರೆ ವಿನಯದ ಬೇಡಿಕೆ. ‘ಯು ಕುಡಂಟ್ ಲೆಂಡ್ ಮಿ ಎ ಪೆನ್, ಕುಡ್ ಯು?’ ಇಲ್ಲ ಅನ್ನಲು ಎದುರಿನವರಿಗೆ ಮೊದಲೇ ದಾರಿ ಬಿಟ್ಟುಕೊಟ್ಟ ಹಾಗೆ, ಅದಕ್ಕೇ ಇದು ಮೆತ್ತಗೆ ಕೇಳಿಸುತ್ತದೆ.

ಸಿನಿಮಾಗಳಲ್ಲಿ ಪಾಸಿಟಿವ್ ವಾಕ್ಯಕ್ಕೆ ಪಾಸಿಟಿವ್ ಟ್ಯಾಗನ್ನೇ ಹಾಕಿದ್ದನ್ನು ಕೇಳಿರಬಹುದು. ‘ಸೋ ಯು ಆರ್ ದ ನ್ಯೂ ಟೀಚರ್, ಆರ್ ಯು?’ ಅದು ತಪ್ಪಲ್ಲ. ಈಗಷ್ಟೇ ಗೊತ್ತಾದ ವಿಷಯಕ್ಕೆ ಕುತೂಹಲ, ಆಶ್ಚರ್ಯ, ಒಮ್ಮೊಮ್ಮೆ ಕುಹಕ ತೋರಿಸುವ ಬಗೆ. ‘ಸೋ ಯು ಥಿಂಕ್ ಯು ಆರ್ ಕ್ಲೆವರ್, ಡು ಯು?’ ಅಂದರೆ ಅದು ಜಗಳದ ಮುನ್ನುಡಿ. ಪರೀಕ್ಷೆಯಲ್ಲಿ ಇದನ್ನು ಬಳಸಬೇಡಿ.

ಉತ್ತರ ಕೊಡುವುದು ಇನ್ನೂ ಕಷ್ಟ

ಟ್ಯಾಗ್ ಹಾಕುವುದನ್ನು ಎಲ್ಲ ಪುಸ್ತಕವೂ ಕಲಿಸುತ್ತದೆ, ಅದಕ್ಕೆ ಉತ್ತರ ಕೊಡುವುದನ್ನು ಬಹಳ ಪುಸ್ತಕಗಳು ಬಿಟ್ಟುಬಿಡುತ್ತವೆ. ಮಾತಿನಲ್ಲಿ ನಿಜವಾದ ಎಡವಟ್ಟು ಆಗುವುದು ಅಲ್ಲೇ. ‘ನೀವು ಕಾರ್ ಓಡಿಸಲ್ಲ ಅಲ್ವಾ?’ ಅಂತ ಕೇಳಿದರೆ ನಾವು ‘ಹೂಂ, ಓಡಿಸಲ್ಲ’ ಅನ್ನುತ್ತೇವೆ. ಆ ಹೂಂ ಕೇಳಿದವರ ಮಾತಿಗೆ ಒಪ್ಪಿಗೆ. ಇದನ್ನೇ ಇಂಗ್ಲಿಷಿಗೆ ತಂದು, ‘ಯು ಡೋಂಟ್ ಡ್ರೈವ್, ಡು ಯು?’ ಅಂದಾಗ ‘ಎಸ್’ ಅಂದರೆ, ಅವರಿಗೆ ಅರ್ಥವಾಗುವುದು ನೀವು ಓಡಿಸುತ್ತೀರಿ ಅಂತ. ‘ಎಸ್, ಐ ಡೋಂಟ್’ ಅಂದರೆ ಅವರಿಗೆ ಏನೂ ಅರ್ಥವಾಗುವುದಿಲ್ಲ.

ಇಂಗ್ಲಿಷಿನಲ್ಲಿ ಎಸ್, ನೋ ಎರಡೂ ಕೇಳಿದವರ ಮಾತಿಗೆ ಅಂಟಿಕೊಂಡಿಲ್ಲ, ನಿಜ ಏನಿದೆಯೋ ಅದಕ್ಕೆ ಅಂಟಿಕೊಂಡಿವೆ. ಪ್ರಶ್ನೆ ಹೇಗೆ ಬಂತು ಅನ್ನುವುದನ್ನು ಮರೆತುಬಿಡಿ. ನೀವು ಓಡಿಸುತ್ತೀರಾ? ಹಾಗಾದರೆ ‘ಎಸ್, ಐ ಡು.’ ಓಡಿಸಲ್ಲವಾ? ‘ನೋ, ಐ ಡೋಂಟ್.’ ಎಸ್ ಹಿಂದೆ ಎಂದೂ ನಾಟ್ ಬರಬಾರದು, ನೋ ಹಿಂದೆ ನಾಟ್ ಬಂದೇ ಬರಬೇಕು. ಇಂಟರ್‌ವ್ಯೂನಲ್ಲಿ ‘ಯು ಹ್ಯಾವಂಟ್ ವರ್ಕ್ಡ್ ಇನ್ ದಿಸ್ ಫೀಲ್ಡ್ ಬಿಫೋರ್, ಹ್ಯಾವ್ ಯು?’ ಅಂತ ಕೇಳಿದರೆ, ಅನುಭವ ಇಲ್ಲದವರು ತಲೆಯಾಡಿಸಿ ‘ಎಸ್ ಸರ್’ ಅಂದರೆ ಅನುಭವ ಇದೆ ಅಂತ ಹೇಳಿದ ಹಾಗಾಯಿತು! ಬರೀ ಎಸ್ ಅಥವಾ ಬರೀ ನೋ ಹೇಳಿ ನಿಲ್ಲಿಸಬೇಡಿ. ಹಿಂದೆ ಎರಡು ಪದ ಸೇರಿಸುವುದನ್ನು ರೂಢಿ ಮಾಡಿಕೊಂಡರೆ, ಮೊದಲ ಪದ ತಪ್ಪಾಗಿದ್ದರೂ ಅದು ನಿಮ್ಮ ಕಿವಿಗೇ ಗೊತ್ತಾಗಿ ತಿದ್ದಿಕೊಳ್ಳಲು ಅವಕಾಶ ಸಿಗುತ್ತದೆ.

ಮಾತಿನ ಮಧ್ಯೆ ಟ್ಯಾಗ್ ಹೊಳೆಯದಿದ್ದರೆ ‘ರೈಟ್?’ ಅಂದುಬಿಡಿ. ಸ್ನೇಹಿತರ ಮಧ್ಯೆ, ಆಫೀಸಿನ ಮಾಮೂಲಿ ಮಾತಿನಲ್ಲಿ ಅದು ಸಲೀಸಾಗಿ ನಡೆಯುತ್ತದೆ, ‘ಇಸಂಟ್ ಇಟ್’ಗಿಂತ ಎಷ್ಟೋ ವಾಸಿ. ಬರವಣಿಗೆಯಲ್ಲಿ, ಅದರಲ್ಲೂ ಕೆಲಸದ ಮೇಲ್‌ಗಳಲ್ಲಿ, ಟ್ಯಾಗನ್ನೇ ಬಳಸದಿರುವುದು ಒಳ್ಳೆಯದು. ‘ಯು ಸೆಂಟ್ ದ ಫೈಲ್, ಡಿಡಂಟ್ ಯು?’ ಅಂತ ಬರೆದರೆ ಅದರಲ್ಲಿ ಸ್ವರ ಇರುವುದಿಲ್ಲ, ಓದುವವರಿಗೆ ಗದರಿಸಿದ ಹಾಗೆ ಕಾಣಬಹುದು.

ಕೈ ಪಳಗಿಸಲು

ಕೆಳಗಿನವುಗಳಿಗೆ ಮೊದಲು ನೀವೇ ಟ್ಯಾಗ್ ಹಾಕಿ. ಉತ್ತರ ಆಮೇಲೆ ಇದೆ, ಕಣ್ಣು ಹಾಯಿಸಬೇಡಿ.

1. ದ ಚಿಲ್ಡ್ರನ್ ಹ್ಯಾವ್ ಟು ಗೆಟ್ ಅಪ್ ಅರ್ಲಿ
2. ಎವ್ರಿಥಿಂಗ್ ಲುಕ್ಸ್ ಫೈನ್
3. ಶೀ ಹಾರ್ಡ್ಲಿ ಸ್ಪೀಕ್ಸ್
4. ಯೂಡ್ ಫರ್ಗಾಟನ್ ದ ಕೀಸ್
5. ದೇರ್ ವರ್ ಫ್ಯೂ ಸೀಟ್ಸ್ ಲೆಫ್ಟ್
6. ಮೀನಾ ಸೆಡ್ ಶೀ ವಾಸ್ ಬಿಸಿ
7. ನೋ ಒನ್ ಹ್ಯಾಸ್ ಸೀನ್ ಇಟ್

ಮೊದಲನೆಯದು ‘ಡೋಂಟ್ ದೇ?’, ಯಾಕೆಂದರೆ ಹ್ಯಾವ್ ಟು ಮೇನ್ ವರ್ಬ್. ಎರಡನೆಯದು ‘ಡಸಂಟ್ ಇಟ್?’, ಮೂರನೆಯದು ‘ಡಸ್ ಶೀ?’ ನಾಲ್ಕನೆಯದರಲ್ಲಿ ಫರ್ಗಾಟನ್ ಮೂರನೇ ರೂಪ, ಹಾಗಾಗಿ ಡಿ ಅಂದರೆ ಹ್ಯಾಡ್: ‘ಹ್ಯಾಡಂಟ್ ಯು?’ ಐದನೆಯದರಲ್ಲಿ ಫ್ಯೂ ಮುಂದೆ ‘ಎ’ ಇಲ್ಲ, ಆದ್ದರಿಂದ ‘ವರ್ ದೇರ್?’ ಆರನೆಯದಕ್ಕೆ ‘ವಾಸಂಟ್ ಶೀ’ ಬರೆದವರು ವಾಕ್ಯವನ್ನು ಇನ್ನೊಮ್ಮೆ ಓದಿ. ಮುಖ್ಯ ವಾಕ್ಯ ‘ಮೀನಾ ಸೆಡ್’, ಉತ್ತರ ‘ಡಿಡಂಟ್ ಶೀ?’ ಏಳನೆಯದು ‘ಹ್ಯಾವ್ ದೇ?’ ಏಳನೆಯದು ತಪ್ಪಿದ್ದರೆ ಎರಡನೇ ಮತ್ತು ಮೂರನೇ ಹೆಜ್ಜೆಯನ್ನು ಒಟ್ಟಿಗೆ ಇನ್ನೊಂದು ಸಲ ನೋಡಿ, ಅದರಲ್ಲಿ ಎರಡೂ ಬೆರೆತಿವೆ.